‘ಬೇಡ’ ಎಂದವರ ಪುಸ್ತಕ ಯಾವುದು?

2014ರ ಸೆಪ್ಟೆಂಬರ್ ಮೊದಲ ವಾರದಲ್ಲಿ ನಾನೊಂದು ಲೇಖನ ಬರೆದೆ. ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ ಎಂಬ ಪ್ರಶ್ನೆಗೆ ಅಲ್ಲಿನ ಜನ ಅದೇ ತಿಂಗಳ 18ರಂದು ಮತ ಹಾಕುವವರಿದ್ದರು. ಆ ದೇಶವನ್ನು ನಾನು ಕಣ್ಣಾರೆ ನೋಡಿದವನಲ್ಲ. ಆದರೆ ಇಪ್ಪತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದೆ. ಪಠ್ಯದಲ್ಲಿ ಇಲ್ಲದಿದ್ದರೂ ಸ್ಕಾಟಿಷ್ ಲೇಖಕರನ್ನು ಹುಡುಕಿ ಹುಡುಕಿ ಓದಿದ್ದೆ. ಹಾಗಾಗಿ ಅಲ್ಲಿ ಏನಾಗಲಿದೆ ಎಂದು ನನಗೆ ಗೊತ್ತಿದೆ ಎಂಬ ಧೈರ್ಯ. ಸಾಹಿತಿಗಳು ಮೂವತ್ತು ವರ್ಷ ಉತ್ತು ಬಿತ್ತಿದ ನೆಲದಲ್ಲಿ ಈಗ ಕೊಯ್ಲಿನ ಕಾಲ ಎನ್ನುವ ಅರ್ಥದ ಸಾಲೊಂದನ್ನು ಕೊನೆಗೆ ಸೇರಿಸಿದ್ದೆ. ಸಂಪಾದಕರಿಗೆ ಆ ಸಾಲು ಇಷ್ಟವಾಗಿ ಅದನ್ನೇ ಲೇಖನದ ಮಧ್ಯೆ ದಪ್ಪಕ್ಷರದಲ್ಲಿ ಹಾಕಿದರು.

ಮತದಾನವಾಯಿತು. ನೂರಕ್ಕೆ 84.6 ಮಂದಿ ಬಂದು ಮತ ಹಾಕಿದ್ದರು. ಹದಿನಾರು, ಹದಿನೇಳರ ಹುಡುಗರಿಗೂ ಅವಕಾಶವಿತ್ತು. ‘ಬೇಕು’ ಎಂದವರು 16,17,989. ‘ಬೇಡ’ ಎಂದವರು 20,01,926. ಶೇಕಡಾ 44.7ಕ್ಕೆ ಎದುರಾಗಿ 55.3. ನನ್ನ ದಪ್ಪಕ್ಷರದ ಸಾಲು ಸ್ಟಾಫ್ ರೂಮಿನಲ್ಲಿ ಒಂದು ವಾರ ಓಡಾಡಿತು. ಅರ್ಥಶಾಸ್ತ್ರದ ಸಹೋದ್ಯೋಗಿಯೊಬ್ಬರು ಎದುರು ಸಿಕ್ಕಾಗೆಲ್ಲ “ಕೊಯ್ಲು ಮುಗೀತಾ?” ಎನ್ನುತ್ತಿದ್ದರು.

ಅಷ್ಟು ಖಚಿತವಾಗಿ ಬರೆಯಲು ನನ್ನ ಕೈಯಲ್ಲಿ ಒಂದು ಕಥೆಯಿತ್ತು. ಸ್ಕಾಟಿಷ್ ಸಾಹಿತ್ಯದ ಬಗ್ಗೆ ಬರೆಯುವವರು ಬಹಳ ಮಂದಿ ಹೇಳುವ ಕಥೆ ಅದು. 1979ರ ಮಾರ್ಚ್ 1ರಂದು ಸ್ಕಾಟ್ಲೆಂಡಿಗೆ ತನ್ನದೇ ಶಾಸನಸಭೆ ಬೇಕೆ ಎಂದು ಮತ ಕೇಳಲಾಯಿತು. ಮತ ಹಾಕಿದವರಲ್ಲಿ 51.6ರಷ್ಟು ಜನ ಬೇಕು ಎಂದರು. ಆದರೆ ಮತದಾರರ ಪಟ್ಟಿಯಲ್ಲಿರುವ ಒಟ್ಟು ಜನರಲ್ಲಿ ಶೇಕಡಾ 40ರಷ್ಟು ‘ಬೇಕು’ ಎನ್ನಬೇಕೆಂಬ ನಿಯಮವಿತ್ತು. ಲೆಕ್ಕ ಹಾಕಿದರೆ ಅದು ಬರೀ 32.9. ಸಭೆ ಸಿಗಲಿಲ್ಲ. ಎರಡು ತಿಂಗಳಲ್ಲಿ ಥ್ಯಾಚರ್ ಬಂದರು. ಕಾರ್ಖಾನೆ, ಗಣಿ, ಹಡಗುಕಟ್ಟೆಗಳು ಒಂದೊಂದೇ ಬಾಗಿಲು ಹಾಕಿದವು. ರಾಜಕೀಯ ಕೈಚೆಲ್ಲಿದ ಆ ಹೊತ್ತಿನಲ್ಲಿ ಲೇಖಕರು ದೇಶವನ್ನು ಹೆಗಲಿಗೆ ಹೊತ್ತುಕೊಂಡರು ಎನ್ನುತ್ತದೆ ಆ ಕಥೆ. 1981ರಲ್ಲಿ ಆಲಸ್ಡೇರ್ ಗ್ರೇಯ ‘ಲಾನಾರ್ಕ್’ ಬಂತು. 1984ರಲ್ಲಿ ಎಡ್ವಿನ್ ಮಾರ್ಗನ್ ಸ್ಕಾಟ್ಲೆಂಡಿನ ಮೇಲೆ ಸಾನೆಟ್ಟುಗಳ ಮಾಲೆಯನ್ನೇ ಬರೆದರು. 1987ರಲ್ಲಿ ರಾಣಿ ಮೇರಿಯ ತಲೆ ಹಾರಿದ ಕಥೆಯನ್ನು ಲಿಝ್ ಲಾಕ್‌ಹೆಡ್ ಸ್ಕಾಟ್ಸ್ ನುಡಿಯ ಮೊನಚಿನಲ್ಲಿ ನಾಟಕವಾಗಿಸಿದರು. 1994ರಲ್ಲಿ ಗ್ಲಾಸ್ಗೋದ ಬೀದಿಮಾತಿನಲ್ಲೇ ಕಾದಂಬರಿ ಬರೆದ ಜೇಮ್ಸ್ ಕೆಲ್ಮನ್‌ಗೆ ಬುಕರ್ ಸಿಕ್ಕಿತು. ತೀರ್ಪುಗಾರರಲ್ಲೊಬ್ಬರು ಅದನ್ನು ಬಹಿರಂಗವಾಗಿಯೇ ವಿರೋಧಿಸಿದರು. ‘ಕುಸುಮಬಾಲೆ’ ಬಂದಾಗ ಇದು ಯಾವ ಕನ್ನಡ ಎಂದು ಕೇಳಿದವರನ್ನು ಬಲ್ಲ ನಮಗೆ ಆ ಜಗಳವನ್ನು ವಿವರಿಸಬೇಕಿಲ್ಲ. 1997ರಲ್ಲಿ ಮತ್ತೆ ಮತ ಕೇಳಿದಾಗ 74.3ರಷ್ಟು ಜನ ಬೇಕು ಎಂದರು. 1999ರಲ್ಲಿ ಪಾರ್ಲಿಮೆಂಟ್ ಸೇರಿತು. 2004ರಲ್ಲಿ ಅದರ ಹೊಸ ಕಟ್ಟಡ ತೆರೆದ ದಿನ ಕಾಯಿಲೆಯಲ್ಲಿದ್ದ ಮಾರ್ಗನ್‌ರ ಕವಿತೆಯನ್ನು ಲಾಕ್‌ಹೆಡ್ ಓದಿದರು.

ಈ ಮಾರ್ಗನ್ 2010ರಲ್ಲಿ ತೀರಿಕೊಂಡಾಗ ತಮ್ಮ ಉಯಿಲಿನಲ್ಲಿ ಒಂಬತ್ತು ಲಕ್ಷ ಪೌಂಡಿಗೂ ಹೆಚ್ಚು ಹಣವನ್ನು ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ ಬರೆದಿಟ್ಟಿದ್ದರು. ಕವಿಯೊಬ್ಬ ರಾಜಕೀಯ ಪಕ್ಷಕ್ಕೆ ಹಣ ಕೊಡುವುದು! ನಮ್ಮಲ್ಲಿ ಹಣ ಹರಿದರೆ ಅದು ಬೇರೆ ದಿಕ್ಕಿನಲ್ಲಿ.

ಕನ್ನಡಿಗನಿಗೆ ಈ ಕಥೆ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು, ಹುಯಿಲಗೋಳ ನಾರಾಯಣರಾಯರು ಹಾಡು ಕಟ್ಟಿದರು, ಕುವೆಂಪು ಹಾಡಿದರು, 1956ರಲ್ಲಿ ನಾಡು ಒಂದಾಯಿತು. ಮೊದಲು ಪದ್ಯ, ಆಮೇಲೆ ನಕ್ಷೆ. ಈ ಕ್ರಮ ನಮ್ಮ ರಕ್ತದಲ್ಲಿದೆ. ಆದ್ದರಿಂದ ಸ್ಕಾಟ್ಲೆಂಡಿನಲ್ಲಿ ಮತ್ತೊಮ್ಮೆ ಅದೇ ನಡೆಯುತ್ತಿದೆ ಎಂದು ನಾನು ನಂಬಿದ್ದು ದಡ್ಡತನವಾದರೂ ಸಹಜವಾದ ದಡ್ಡತನ.

ಫಲಿತಾಂಶ ಬಂದು ಎರಡು ತಿಂಗಳಾದ ಮೇಲೆ ಅಂತಿಮ ಬಿ.ಎ. ತರಗತಿಯಲ್ಲಿ ಈ ವಿಷಯ ಮಾತಾಡುತ್ತಿದ್ದೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ನೀವು ಹೇಳಿದ ಪುಸ್ತಕ ಎಲ್ಲಾ ಬೇಕು ಅಂದವರದ್ದು. ಇಪ್ಪತ್ತು ಲಕ್ಷ ಜನ ಬೇಡ ಅಂದ್ರಲ್ಲ, ಅವರ ಪುಸ್ತಕ ಯಾವುದು?” ಎಂದು ಕೇಳಿದಳು.

“ಬ್ಯಾಂಕ್ ಪಾಸ್‌ಬುಕ್” ಎಂದೆ. ತರಗತಿ ನಕ್ಕಿತು. ಅವಳು ನಗಲಿಲ್ಲ, ಕೂತಳು. ಆ ಕ್ಷಣಕ್ಕೆ ಜಾಣತನ ಎನಿಸಿದ್ದ ಆ ಉತ್ತರ ಆಮೇಲೆ ನನ್ನನ್ನು ಬಹಳ ಕಾಡಿತು. ಈ ಬರಹ ಅವಳ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ಅದಕ್ಕಾಗಿ ಆ ಒಂದು ವರ್ಷವನ್ನು ಮತ್ತೆ ತೆರೆದು ನೋಡಬೇಕಾಯಿತು.

ಪಾಸ್‌ಬುಕ್ಕಿನ ಮಾತು ಪೂರ್ತಿ ಸುಳ್ಳೇನಲ್ಲ. ಎರಡೂ ಕಡೆಯವರು ವರ್ಷವಿಡೀ ವಾದಿಸಿದ್ದು ಪೌಂಡ್ ಉಳಿಯುತ್ತದೆಯೆ, ಪಿಂಚಣಿ ಬರುತ್ತದೆಯೆ, ಉತ್ತರ ಸಮುದ್ರದ ಎಣ್ಣೆ ಎಷ್ಟು ದಿನ ಬಾಳುತ್ತದೆ ಎಂದು. ಸ್ಕಾಟಿಷ್ ಸರ್ಕಾರ 2013ರ ನವೆಂಬರಿನಲ್ಲಿ ಹೊರತಂದ ಶ್ವೇತಪತ್ರ 650 ಪುಟಗಳನ್ನು ಮೀರಿತ್ತು, ಆದರೆ ಭಾಷೆಗಾಗಿ ಸ್ವಾತಂತ್ರ್ಯ ಎಂಬ ಮಾತು ಅದರ ಆಧಾರವಾಗಿರಲಿಲ್ಲ. ನಮ್ಮ ಏಕೀಕರಣವನ್ನು, ಗೋಕಾಕ್ ಚಳವಳಿಯನ್ನು ಅಳತೆಗೋಲಾಗಿ ಇಟ್ಟುಕೊಂಡು ನೋಡುವವರು ಇಲ್ಲಿ ತಪ್ಪುತ್ತಾರೆ. ಅಲ್ಲಿನ 53 ಲಕ್ಷ ಜನರಲ್ಲಿ, ಅಂದರೆ ಬೆಂಗಳೂರಿಗಿಂತ ಕಡಿಮೆ ಜನರಲ್ಲಿ, ಗೇಲಿಕ್ ಮಾತಾಡುವವರು 2011ರ ಜನಗಣತಿಯಂತೆ ಸುಮಾರು 57 ಸಾವಿರ. ಸ್ಕಾಟ್ಸ್ ಮಾತಾಡುತ್ತೇವೆ ಎಂದವರು ಸುಮಾರು 15 ಲಕ್ಷ. ಆ ಪ್ರಶ್ನೆಯನ್ನು ಜನಗಣತಿಯಲ್ಲಿ ಕೇಳಿದ್ದೇ ಅದು ಮೊದಲ ಸಲ. ತಾನು ಆಡುತ್ತಿರುವುದು ಒಂದು ಭಾಷೆಯೋ ಇಂಗ್ಲಿಷಿನ ಕೆಟ್ಟ ಉಚ್ಚಾರವೋ ಎಂಬುದೇ ತೀರ್ಮಾನವಾಗದ ಜನ ಅದರ ಹೆಸರಿನಲ್ಲಿ ದೇಶ ಕೇಳುವುದು ಕಷ್ಟ.

ಇನ್ನು ವರ್ಷದ ಕಥೆ. ಫೆಬ್ರವರಿಯಲ್ಲಿ ಲಂಡನ್ನಿನ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ ಡೇವಿಡ್ ಬೋವಿಯ ಪರವಾಗಿ ರೂಪದರ್ಶಿಯೊಬ್ಬರು ಸ್ಕಾಟ್ಲೆಂಡ್ ನಮ್ಮ ಜೊತೆಗೇ ಇರಲಿ ಎಂಬ ಸಂದೇಶ ಓದಿದರು. ಜೂನ್‌ನಲ್ಲಿ ಎಡಿನ್‌ಬರೋದಲ್ಲೇ ಮನೆಯಿರುವ ಜೆ.ಕೆ. ರೌಲಿಂಗ್ ‘ಬೇಡ’ ಪಕ್ಷದ ಪ್ರಚಾರಕ್ಕೆ ಹತ್ತು ಲಕ್ಷ ಪೌಂಡ್ ಕೊಟ್ಟು ಕಾರಣಗಳನ್ನು ವಿವರಿಸಿ ಬರೆದರು. ಅದಕ್ಕೆ ಆನ್‌ಲೈನಿನಲ್ಲಿ ಅವರು ಕೇಳಿಸಿಕೊಂಡ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆ ಬರಹವನ್ನು ಈಗ ಓದಿದರೆ ಅದರ ಗದ್ಯ ಸಾಧಾರಣ, ಆದರೆ ಅದರ ಹಿಂದಿನ ಅಳುಕು ಸಾಚಾ. ಇನ್ನೊಂದು ಕಡೆ ಗ್ರೇಯವರೂ ಅದೇ ವರ್ಷ ಸ್ವಾತಂತ್ರ್ಯದ ಪರ ಒಂದು ಸಣ್ಣ ಪುಸ್ತಕ ತಂದರು. ‘ಲಾನಾರ್ಕ್’ ಬರೆದ ಕೈ ಇದೇನಾ ಎನಿಸುವಷ್ಟು ತರಾತುರಿಯದು. ಪ್ರಚಾರಕ್ಕೆಂದು ಬರೆದದ್ದು ಎರಡು ಕಡೆಯಲ್ಲೂ ಬಡವಾಗಿತ್ತು ಎನ್ನುವುದು ನನ್ನ ಅಭಿಪ್ರಾಯ.

ಏಪ್ರಿಲ್‌ನಲ್ಲಿ ನಡೆದದ್ದು ಮಾತ್ರ ಯಾವ ಕಾದಂಬರಿಗೂ ಸಾಟಿ. ಗ್ಲಾಸ್ಗೋದಲ್ಲಿ ರೆಡ್ ರೋಡ್ ಎಂಬ ವಸತಿ ಗೋಪುರಗಳಿದ್ದವು. 1960ರ ದಶಕದಲ್ಲಿ ಬಡವರಿಗೆಂದು ಕಟ್ಟಿದವು. ಒಂದು ಕಾಲಕ್ಕೆ ಯುರೋಪಿನಲ್ಲೇ ಅತಿ ಎತ್ತರದ ವಸತಿ ಕಟ್ಟಡಗಳ ಸಾಲಿನವು. ಜುಲೈನ ಕಾಮನ್‌ವೆಲ್ತ್ ಕ್ರೀಡಾಕೂಟದ ಉದ್ಘಾಟನೆಯ ದಿನ ಅವುಗಳಲ್ಲಿ ಐದನ್ನು ಸ್ಫೋಟಿಸಿ ಉರುಳಿಸುವುದು, ಆ ದೃಶ್ಯವನ್ನು ಕ್ರೀಡಾಂಗಣದ ಪರದೆಯ ಮೇಲೆ ನೇರವಾಗಿ ತೋರಿಸುವುದು ಎಂದು ಸಂಘಟಕರು ಪ್ರಕಟಿಸಿದರು. ಹೊಸ ಗ್ಲಾಸ್ಗೋ ಹುಟ್ಟುವುದರ ಸಂಕೇತವಂತೆ. ಉಳಿಯಲಿದ್ದ ಆರನೆಯ ಗೋಪುರದಲ್ಲಿ ಆಶ್ರಯ ಕೋರಿ ಬಂದ ನಿರಾಶ್ರಿತರಿದ್ದರು. ಅಲ್ಲಿ ಹುಟ್ಟಿ, ಅಲ್ಲಿ ಮದುವೆಯಾಗಿ, ಅಲ್ಲಿಂದ ಹೆಣ ಎತ್ತಿದ ಜನ ಇನ್ನೂ ಊರಲ್ಲಿದ್ದಾರೆ. ಅವರ ಮನೆ ಬೀಳುವಾಗ ಜಗತ್ತು ಚಪ್ಪಾಳೆ ತಟ್ಟಬೇಕು! ವಿರೋಧ ಜೋರಾಗಿ, ಎರಡು ವಾರದೊಳಗೆ ಯೋಜನೆ ಕೈಬಿಟ್ಟರು. ಗ್ಲಾಸ್ಗೋದಲ್ಲಿ ಬದುಕುವವರು ಆ ಊರನ್ನು ಕಲ್ಪನೆಯಲ್ಲಿ ಎಂದೂ ವಾಸಿಸಿಲ್ಲ ಎಂಬ ಕೊರಗು ‘ಲಾನಾರ್ಕ್’ನಲ್ಲಿ ಬರುತ್ತದೆ. ಮೂವತ್ತಮೂರು ವರ್ಷಗಳ ನಂತರ ಊರಿನ ದೊಡ್ಡವರು ತಮ್ಮ ಊರನ್ನು ಕಲ್ಪಿಸಿಕೊಂಡ ರೀತಿ ಇದು.

ಮೇ 23ರಂದು ಗ್ಲಾಸ್ಗೋ ಸ್ಕೂಲ್ ಆಫ್ ಆರ್ಟ್‌ಗೆ ಬೆಂಕಿ ಬಿತ್ತು. ಚಾರ್ಲ್ಸ್ ರೆನಿ ಮ್ಯಾಕಿಂಟಾಷ್ ವಿನ್ಯಾಸ ಮಾಡಿ 1909ಕ್ಕೆ ಮುಗಿದ ಕಟ್ಟಡ. ವಿದ್ಯಾರ್ಥಿಗಳು ಪದವಿ ಪ್ರದರ್ಶನಕ್ಕೆ ತಯಾರಿ ಮಾಡುತ್ತಿದ್ದಾಗ ನೆಲಮಾಳಿಗೆಯಲ್ಲಿ ಬಳಸಿದ ಫೋಮಿನ ಅನಿಲ ಪ್ರೊಜೆಕ್ಟರಿನ ಬಿಸಿಗೆ ಹತ್ತಿಕೊಂಡಿತು. ಜೀವಹಾನಿ ಆಗಲಿಲ್ಲ; ಮರದ ಕೆತ್ತನೆಯ ಲೈಬ್ರರಿ ಸುಟ್ಟುಹೋಯಿತು. ವರ್ಷಗಟ್ಟಲೆ ಮಾಡಿದ ಕೆಲಸ ಕಳೆದುಕೊಂಡ ಮಕ್ಕಳು ರಸ್ತೆಯಲ್ಲಿ ನಿಂತು ಅಳುತ್ತಿದ್ದರು. ಬೇಕು ಎನ್ನುವವರೂ ಬೇಡ ಎನ್ನುವವರೂ ಒಂದೇ ದುಃಖದಲ್ಲಿದ್ದ ದಿನ ಆ ವರ್ಷದಲ್ಲಿ ಅದೊಂದೇ ಇರಬೇಕು. ಕಟ್ಟಡವನ್ನು ಮತ್ತೆ ಕಟ್ಟುತ್ತಿದ್ದಾಗ 2018ರ ಜೂನ್‌ನಲ್ಲಿ ಮತ್ತೆ ಬೆಂಕಿ ಬಿದ್ದು ಮೊದಲ ಸಲ ಉಳಿದದ್ದೂ ಹೋಯಿತು.

ಈಗ ನನ್ನ ಕಥೆಗೆ ಪೆಟ್ಟು ಕೊಟ್ಟ ಮನುಷ್ಯನ ವಿಷಯ. ಡೇವಿಡ್ ಮೆಕ್‌ಲೆನನ್. 1970ರ ದಶಕದ ಎಡಪಂಥೀಯ ರಂಗತಂಡ 7:84ರ ಸ್ಥಾಪಕರಲ್ಲೊಬ್ಬರು. ಹೈಲ್ಯಾಂಡಿನ ರೈತರನ್ನು ಒಕ್ಕಲೆಬ್ಬಿಸಿ ಕುರಿ ತುಂಬಿದ್ದು, ಆಮೇಲೆ ಜಿಂಕೆ ಬೇಟೆಗೆ ಕಾಡು ಬಿಟ್ಟದ್ದು, ಕೊನೆಗೆ ಎಣ್ಣೆ ಕಂಪನಿಗಳು ಬಂದದ್ದು, ಇವನ್ನೆಲ್ಲ ಹಾಡು ಕುಣಿತಗಳಲ್ಲಿ ಪೋಣಿಸಿ 1973ರಲ್ಲಿ ಊರೂರು ತಿರುಗಿದ ತಂಡ ಅದು. ನಮ್ಮ ಸಮುದಾಯದ ಜಾಥಾಗಳನ್ನು ನೋಡಿದವರು ಸುಲಭವಾಗಿ ಊಹಿಸಿಕೊಳ್ಳಬಹುದು. ಆಧುನಿಕ ಸ್ಕಾಟಿಷ್ ರಾಷ್ಟ್ರೀಯತೆಗೆ ಅಷ್ಟು ಕೆಲಸ ಮಾಡಿದ ಇನ್ನೊಂದು ನಾಟಕವಿಲ್ಲ. 2004ರಲ್ಲಿ ಮೆಕ್‌ಲೆನನ್ ಗ್ಲಾಸ್ಗೋದ ಓರನ್ ಮೋರ್ ಎಂಬಲ್ಲಿ, ಹಿಂದೆ ಚರ್ಚ್ ಆಗಿದ್ದ ಕಟ್ಟಡದಲ್ಲಿ, ಮಧ್ಯಾಹ್ನದ ರಂಗಭೂಮಿ ಶುರು ಮಾಡಿದರು. ಒಂದು ಟಿಕೆಟ್ಟಿಗೆ ಒಂದು ಸಣ್ಣ ನಾಟಕ, ಒಂದು ಪೈ, ಒಂದು ಲೋಟ ಬಿಯರ್. ಅದೇ ಕಟ್ಟಡದ ಮೇಲ್ಛಾವಣಿಯ ತುಂಬ ಚಿತ್ರ ಬರೆದವರು ಗ್ರೇ. ಇಂಥ ಮೆಕ್‌ಲೆನನ್ 2014ರಲ್ಲಿ ‘ಬೇಡ’ ಪಕ್ಷದಲ್ಲಿದ್ದರು.

ಅವರೂ ‘ಬೇಕು’ ಎನ್ನುತ್ತಿದ್ದ ನಾಟಕಕಾರ ಡೇವಿಡ್ ಗ್ರೆಗ್ಗರೂ ಸೇರಿ ಸ್ಕಾಟ್ಲೆಂಡಿನ ನ್ಯಾಷನಲ್ ಥಿಯೇಟರಿಗಾಗಿ ಒಂದು ಕೆಲಸ ಮಾಡಿದರು. ಐದು ನಿಮಿಷದ ನಾಟಕ ಯಾರು ಬೇಕಾದರೂ ಬರೆಯಬಹುದು. ಬೇಕು, ಬೇಡ, ಗೊತ್ತಿಲ್ಲ, ಏನನ್ನಾದರೂ ಹೇಳಬಹುದು. ಜೂನ್ 23ರಿಂದ ಮರುದಿನದವರೆಗೆ ಇಪ್ಪತ್ನಾಲ್ಕು ಗಂಟೆ ಆ ನಾಟಕಗಳು ಒಂದರ ಹಿಂದೊಂದು ನಡೆದು ಅಂತರ್ಜಾಲದಲ್ಲಿ ನೇರ ಪ್ರಸಾರವಾದವು. ಆ ಎರಡು ದಿನಗಳು ಬ್ಯಾನಕ್‌ಬರ್ನ್ ಯುದ್ಧದ ಏಳುನೂರನೆಯ ವರ್ಷದ ದಿನಗಳೂ ಆಗಿದ್ದವು. ಮೆಕ್‌ಲೆನನ್ ಅದನ್ನು ನೋಡಲಿಲ್ಲ; ಹತ್ತು ದಿನ ಮೊದಲೇ ತೀರಿಕೊಂಡರು. ಗೆಳೆಯರಿಬ್ಬರು ಒಂದು ಪ್ರಶ್ನೆಯ ಎರಡು ತುದಿಯಲ್ಲಿ ನಿಂತು ಒಂದೇ ಚಪ್ಪರ ಹಾಕಿದರಲ್ಲ, ಆ ವರ್ಷದ ಎಲ್ಲ ಘೋಷಣಾಪತ್ರಗಳಿಗಿಂತ ನನಗೆ ಅದು ದೊಡ್ಡದೆನಿಸುತ್ತದೆ. ‘ಬೇಡ’ ಎನ್ನುವವನಿಗೆ ದೇಶದ ಮೇಲೆ ಪ್ರೀತಿ ಕಡಿಮೆ ಎಂದು ನಾನು ಗಟ್ಟಿಯಾಗಿ ಹೇಳಿರಲಿಲ್ಲ, ಆದರೆ ನನ್ನ ಪಾಸ್‌ಬುಕ್ ಹಾಸ್ಯದ ಒಳಗೆ ಅದೇ ಇತ್ತು. ಗಡಿಯ ಆಚೆ ಈಚೆಯ ಕೂಲಿಯವರು ಒಂದೇ ಎಂದು ಹಾಡುತ್ತ ಬೆಳೆದ ಒಂದು ತಲೆಮಾರಿಗೆ ಹೊಸ ಗಡಿ ಹಾಕುವುದು ಸುಲಭವಲ್ಲ ಎಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಗ್ರೇ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗುವುದು ಅಪ್ರಾಮಾಣಿಕತೆ. 2012ರ ಕೊನೆಯಲ್ಲಿ ಅವರದೊಂದು ಪ್ರಬಂಧ ದೊಡ್ಡ ರಗಳೆ ಎಬ್ಬಿಸಿತು. ಇಂಗ್ಲೆಂಡಿನಿಂದ ಬಂದು ಸ್ಕಾಟ್ಲೆಂಡಿನ ಕಲಾಸಂಸ್ಥೆಗಳ ಮುಖ್ಯ ಹುದ್ದೆಗಳಲ್ಲಿ ಕೂರುವವರನ್ನು ಅವರು ಎರಡು ಗುಂಪು ಮಾಡಿದ್ದರು: ಇಲ್ಲೇ ನೆಲೆಸುವವರು, ಬಂದು ದುಡಿದು ಹೋಗುವ ವಸಾಹತುಗಾರರು. ಆಗ ನಾನು ಗ್ರೇ ಪರವಾಗಿದ್ದೆ. ಒಂದು ಸಣ್ಣ ದೇಶದ ನಾಟಕಶಾಲೆ, ವಸ್ತುಸಂಗ್ರಹಾಲಯಗಳ ಚುಕ್ಕಾಣಿ ಅಲ್ಲಿನ ನುಡಿ, ನೆನಪು ಗೊತ್ತಿಲ್ಲದವರ ಕೈಲಿದ್ದರೆ ಏನಾಗುತ್ತದೆ ಎಂಬ ಅವರ ದುಗುಡ ನ್ಯಾಯವಾದದ್ದೇ. ಆದರೆ ಹೊರಗಿನವರಲ್ಲಿ ಒಳ್ಳೆಯ ಹೊರಗಿನವರು, ಕೆಟ್ಟ ಹೊರಗಿನವರು ಎಂದು ಪಟ್ಟಿ ಮಾಡುವ ಮಾತು ನಮ್ಮೂರಿನ ಸಭೆಗಳಲ್ಲಿ ಕೇಳಿದಾಗ ನಾನು ಮುಜುಗರದಿಂದ ಕೂತಲ್ಲೇ ಅಲುಗಾಡುತ್ತೇನೆ. ಅದೇ ಮಾತನ್ನು ನನ್ನ ಮೆಚ್ಚಿನ ಲೇಖಕ ಗ್ಲಾಸ್ಗೋದಲ್ಲಿ ಹೇಳಿದರೆ ತಲೆದೂಗಿದೆ. ದೂರದ ರಾಷ್ಟ್ರೀಯತೆಗಳು ಯಾವಾಗಲೂ ಸ್ವಲ್ಪ ಹೆಚ್ಚು ಸುಂದರವಾಗಿ ಕಾಣುತ್ತವೆ.

ಆಗಸ್ಟ್‌ನಲ್ಲಿ ಎಡಿನ್‌ಬರೋ ಅಂತರರಾಷ್ಟ್ರೀಯ ಉತ್ಸವ. ಜನಮತದ ಕುರಿತ ಹೊಸ ಕೃತಿಗಳನ್ನು ಬರೆಸುವುದಿಲ್ಲ ಎಂಬ ನಿರ್ದೇಶಕರ ನಿಲುವು ಹಿಂದಿನ ವರ್ಷವೇ ವಿವಾದವಾಗಿತ್ತು. ಮಹಾಯುದ್ಧದ ಶತಮಾನ, ಕಾಮನ್‌ವೆಲ್ತ್, ಇವು ವಿಷಯ. ಆದರೂ ಆ ಉತ್ಸವದ ದೊಡ್ಡ ಕೃತಿಯಾಗಿ ಬಂದದ್ದು ರೋನಾ ಮನ್ರೋ ಬರೆದ ಮೂರು ‘ಜೇಮ್ಸ್’ ನಾಟಕಗಳು. ಹದಿನೈದನೆಯ ಶತಮಾನದ ಮೂವರು ಸ್ಕಾಟಿಷ್ ರಾಜರ ಕಥೆ. ಸ್ಕಾಟ್ಲೆಂಡಿನ ನ್ಯಾಷನಲ್ ಥಿಯೇಟರೂ ಲಂಡನ್ನಿನ ನ್ಯಾಷನಲ್ ಥಿಯೇಟರೂ ಜಂಟಿಯಾಗಿ ಮಾಡಿದ್ದು. ಮತದಾನದ ಹೊತ್ತಿಗೆ ನಾಟಕಗಳು ಲಂಡನ್ನಿನಲ್ಲಿ ನಡೆಯುತ್ತಿದ್ದವು.

ನಾನು ನಾಟಕ ನೋಡಿಲ್ಲ, ಪಠ್ಯ ಓದಿದ್ದೇನೆ. ರಂಗದ ಮೇಲೆ ದೈತ್ಯಾಕಾರದ ಖಡ್ಗವೊಂದು ನೆಲಕ್ಕೆ ನಾಟಿಕೊಂಡು ನಿಂತಿತ್ತು ಎಂಬುದನ್ನು ಚಿತ್ರಗಳಲ್ಲಿ ಕಂಡಿದ್ದೇನೆ. ಮೊದಲ ಜೇಮ್ಸ್ ಹದಿನೆಂಟು ವರ್ಷ ಇಂಗ್ಲೆಂಡಿನಲ್ಲಿ ಸೆರೆಯಾಗಿದ್ದು, ಅಲ್ಲಿನ ಹೆಣ್ಣನ್ನು ಮದುವೆಯಾಗಿ, ತನ್ನದೇ ಜನರಿಗೆ ಅಪರಿಚಿತನಾಗಿ ಮರಳುತ್ತಾನೆ. ಸ್ವತಃ ಕವಿ. ತನ್ನ ದೇಶ ಹೇಗಿರಬೇಕೆಂದು ಸೆರೆಮನೆಯಲ್ಲಿ ಕೂತು ಕಲ್ಪಿಸಿಕೊಂಡವನು, ಅದು ಹೇಗಿದೆ ಎಂದು ನೋಡಿದಾಗ ಕತ್ತಿ ಹಿಡಿಯಬೇಕಾಗುತ್ತದೆ. ನಮ್ಮ ಓದುಗರಿಗೆ ತಕ್ಷಣ ಕಾರ್ನಾಡರ ತುಘಲಕ್ ನೆನಪಾಗುತ್ತಾನೆ. ವ್ಯತ್ಯಾಸವೂ ಇದೆ. ತುಘಲಕ್‌ನ ಕನಸು ಅವನ ಪ್ರಜೆಗಳನ್ನು ಮೀರಿದ್ದು. ಮನ್ರೋ ಅವರ ರಾಜ ತನ್ನ ಪ್ರಜೆಗಳ ಒರಟುತನದ ಮಟ್ಟಕ್ಕೆ ಇಳಿದೇ ರಾಜನಾಗುತ್ತಾನೆ. ಭಾಷೆಯೂ ಹಾಗೇ: ರಾಜರೂ ಸರದಾರರೂ ಇವತ್ತಿನ ಸ್ಕಾಟಿಷ್ ಬೀದಿಯ ಮಾತಾಡುತ್ತಾರೆ.

ಮೂರನೆಯ ನಾಟಕ ರಾಣಿ ಮಾರ್ಗರೆಟ್‌ಳದು. ಡೆನ್ಮಾರ್ಕಿನಿಂದ ಬಂದವಳು. ಈ ಪಾತ್ರವನ್ನು ಮಾಡಿದವರೂ ಡ್ಯಾನಿಷ್ ನಟಿ, ಸೋಫಿ ಗ್ರೋಬೋಲ್. ಕೈಲಾಗದ ಗಂಡನ ಬದಲು ರಾಜ್ಯ ನಡೆಸಲು ಅವಳು ಮುಂದೆ ಬಂದು ಪಾರ್ಲಿಮೆಂಟಿನ ಎದುರು ನಿಂತು ಆ ಜನರಿಗೆ ಬೈಯುತ್ತಾಳೆ. ಬೈಗುಳದೊಳಗೆ ಅಕ್ಕರೆಯಿದೆ. ಏನೂ ಇಲ್ಲದಿದ್ದರೂ ನಿಮಗೆ ಜಂಭವೊಂದಿದೆ ಎನ್ನುವ ಧಾಟಿ. ಇದು ಬೇಕು ಎಂಬ ಭಾಷಣವೋ ಬೇಡ ಎಂಬ ಭಾಷಣವೋ? ಎರಡಕ್ಕೂ ಎಳೆಯಬಹುದು, ಎಳೆದರು ಕೂಡ. ಹೊರಗಿನಿಂದ ಬಂದ ಹೆಣ್ಣೊಬ್ಬಳು ಈ ದೇಶವನ್ನು ಅರ್ಥ ಮಾಡಿಕೊಂಡು ಆಳಬಲ್ಲಳು ಎನ್ನುವುದು ಗ್ರೇ ಅವರ ಪಟ್ಟಿಗೆ ಯಾವ ವಾದಕ್ಕಿಂತ ಗಟ್ಟಿಯಾದ ಉತ್ತರ. ನಾಟಕದಲ್ಲಿ ವೆನಿಸ್ಸಿನಿಂದ ತಂದ ಒಂದು ಕನ್ನಡಿಯೂ ಇದೆ. ಮುಖವನ್ನು ಇದ್ದಂತೆಯೇ ತೋರಿಸುವ ಕನ್ನಡಿ ಆ ಆಸ್ಥಾನಕ್ಕೆ ಹೊಸದು. ಮೂರೂ ನಾಟಕಗಳು ಸಮವಲ್ಲ. ಎರಡನೆಯದು ಬಾಲರಾಜನ ಭಯದ ಕನಸುಗಳಲ್ಲಿ ಸಿಕ್ಕಿಹಾಕಿಕೊಂಡು ಜಾಗ ಬಿಟ್ಟು ಕದಲುವುದಿಲ್ಲ. ಆದರೂ ಆ ವರ್ಷದ ಸಾಹಿತ್ಯದಲ್ಲಿ ಉಳಿಯುವುದು ಯಾವುದೆಂದು ಕೇಳಿದರೆ ನಾನು ಇವನ್ನೇ ಹೇಳುತ್ತೇನೆ.

ಆದರೆ ಹುಡುಗಿಯ ಪ್ರಶ್ನೆ ಹಾಗೇ ಉಳಿಯಿತು. ಇಪ್ಪತ್ತು ಲಕ್ಷ ಜನರ ಪುಸ್ತಕ?

ಉತ್ತರ ಕಣ್ಣ ಮುಂದೆಯೇ ಇತ್ತು. ಬ್ಯಾನಕ್‌ಬರ್ನ್‌ನ ಏಳುನೂರನೇ ವರ್ಷ ಎಲ್ಲರಿಗೂ ಗೊತ್ತಿತ್ತು. 2014 ಇನ್ನೊಂದು ಘಟನೆಯ ಇನ್ನೂರನೆಯ ವರ್ಷವೂ ಆಗಿತ್ತು. 1814ರ ಜುಲೈನಲ್ಲಿ ಎಡಿನ್‌ಬರೋದಲ್ಲಿ ಲೇಖಕರ ಹೆಸರಿಲ್ಲದೆ ಒಂದು ಕಾದಂಬರಿ ಬಂತು. ವಾಲ್ಟರ್ ಸ್ಕಾಟ್‌ರ ‘ವೇವರ್ಲಿ’. ಆ ಊರಿನ ಮುಖ್ಯ ರೈಲು ನಿಲ್ದಾಣಕ್ಕೆ ಇವತ್ತಿಗೂ ಅದೇ ಹೆಸರು. ಕಾದಂಬರಿಯ ನಾಯಕ ಎಡ್ವರ್ಡ್ ವೇವರ್ಲಿ ಇಂಗ್ಲಿಷ್ ತರುಣ, ಬ್ರಿಟಿಷ್ ಸೇನೆಯ ಅಧಿಕಾರಿ. ಹೈಲ್ಯಾಂಡಿಗೆ ಹೋಗಿ ಅಲ್ಲಿನ ಹಾಡು, ಬೆಟ್ಟ, ಒಬ್ಬ ಹೆಣ್ಣು, ಒಬ್ಬ ಸರದಾರ, ಎಲ್ಲಕ್ಕೂ ಮನಸೋತು 1745ರ ದಂಗೆಯಲ್ಲಿ ಸೇರಿಬಿಡುತ್ತಾನೆ. ದಂಗೆ ಸೋಲುತ್ತದೆ. ಸರದಾರ ಫರ್ಗಸ್‌ಗೆ ಮರಣದಂಡನೆ. ವೇವರ್ಲಿಗೆ ಕ್ಷಮೆ, ಮದುವೆ, ಮನೆ. ಕೊನೆಯಲ್ಲಿ ಆ ಮನೆಯ ಗೋಡೆಗೆ ಒಂದು ದೊಡ್ಡ ವರ್ಣಚಿತ್ರ ಬರುತ್ತದೆ: ವೇವರ್ಲಿ ಮತ್ತು ಫರ್ಗಸ್ ಹೈಲ್ಯಾಂಡಿನ ಉಡುಪಿನಲ್ಲಿ. ಅದರ ಪಕ್ಕದಲ್ಲಿ ದಂಗೆಯಲ್ಲಿ ಹಿಡಿದ ಆಯುಧಗಳು.

ಬೇಡ ಎಂದವರ ಪುಸ್ತಕ ಇದು. ಸ್ಕಾಟ್ ಹಳೆಯ ಸ್ಕಾಟ್ಲೆಂಡನ್ನು ಪ್ರೀತಿಸಿದಷ್ಟು ಪ್ರೀತಿಸಿದವರು ಕಡಿಮೆ. ಆದರೆ 1707ರ ಒಕ್ಕೂಟವನ್ನು ಅವರು ಒಪ್ಪಿಕೊಂಡಿದ್ದರು. ಹೃದಯ ದಂಗೆಕೋರನದು, ತಲೆ ಸರ್ಕಾರದ್ದು. ಎರಡನ್ನೂ ಒಂದೇ ಮೈಯಲ್ಲಿ ಇಟ್ಟುಕೊಂಡು ಬದುಕುವುದು ಹೇಗೆಂಬುದೇ ಅವರ ಕಾದಂಬರಿಗಳ ವಸ್ತು. ಖಡ್ಗವನ್ನು ಗೋಡೆಗೆ ತೂಗುಹಾಕಿ, ಅದನ್ನು ನೋಡಿ ಕಣ್ಣು ಒದ್ದೆ ಮಾಡಿಕೊಂಡು, ಬೆಳಗ್ಗೆ ಕೆಲಸಕ್ಕೆ ಹೋಗುವ ಮನುಷ್ಯ. ಅವನನ್ನು ಹೇಡಿ ಎಂದು ಬೈಯಬಹುದು. ಆದರೆ 2014ರಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಸ್ಕಾಟ್ಲೆಂಡಿನ ಬಾವುಟ ಹೊದ್ದು ಹೋಗಿ, ಮತಗಟ್ಟೆಯಲ್ಲಿ ‘ಬೇಡ’ ಎಂದು ಗುರುತು ಹಾಕಿದವರನ್ನು ಬರೆದ ಲೇಖಕ ಇವರೊಬ್ಬರೇ. ಸತ್ತು 182 ವರ್ಷ ಆಗಿತ್ತು ಎನ್ನುವುದೊಂದೇ ತೊಡಕು. ಬದುಕಿದ್ದ ಲೇಖಕರಲ್ಲಿ ಬಹುಪಾಲು ಜನರಿಗೆ ಈ ಮನುಷ್ಯ ಕಾದಂಬರಿಗೆ ಅರ್ಹನೆಂದೇ ಅನಿಸಲಿಲ್ಲ. ಸಾಹಿತ್ಯ ಸೋತದ್ದು ಚುನಾವಣೆಯಲ್ಲಲ್ಲ, ಈ ಜಾಗದಲ್ಲಿ ಎಂದು ನನಗೀಗ ತೋರುತ್ತದೆ. ಲೇಖಕರೇ ಸ್ಕಾಟಿಷ್ ಪಾರ್ಲಿಮೆಂಟನ್ನು ತಂದರು ಎಂಬ ಕಥೆಯನ್ನು ಸ್ಕಾಟ್ ಹೇಮ್ಸ್ ಎಂಬ ವಿಮರ್ಶಕ 2020ರ ತನ್ನ ಪುಸ್ತಕದಲ್ಲಿ ಬಹಳ ಶ್ರದ್ಧೆಯಿಂದ ಬಿಚ್ಚಿ ನೋಡಿದ್ದಾನೆ. ಅದನ್ನು ಓದಿದ ಮೇಲೆ ನನ್ನ ಕೊಯ್ಲಿನ ಸಾಲು ಇನ್ನಷ್ಟು ಪೆಚ್ಚಾಗಿ ಕಂಡಿತು.

ಒಕ್ಕೂಟದಿಂದ ಸ್ಕಾಟರಿಗೆ ಸಿಕ್ಕಿದ್ದೇನು ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. ಸ್ಕಾಟ್ 1827ರಲ್ಲಿ ‘ದಿ ಸರ್ಜನ್ಸ್ ಡಾಟರ್’ ಎಂಬ ಕಥೆ ಬರೆದರು. ಅದರ ಕೊನೆಯ ಭಾಗ ನಡೆಯುವುದು ಹೈದರಾಲಿ, ಟಿಪ್ಪುವಿನ ಮೈಸೂರು ರಾಜ್ಯದಲ್ಲಿ. ಹೈಲ್ಯಾಂಡಿನ ಕಥೆಗಳು ಸವೆದುಹೋಗಿವೆ, ಮಗನನ್ನು ಕಳಿಸುವಂತೆ ಕಥೆಯನ್ನೂ ಭಾರತಕ್ಕೆ ಕಳಿಸು ಎಂಬರ್ಥದ ಸಲಹೆ ಅದರ ಪೀಠಿಕೆಯಲ್ಲೇ ಬರುತ್ತದೆ. ಸ್ಕಾಟ್ ಇತ್ತ ಬಂದವರಲ್ಲ. ಬಂದವರು ಬೇರೆಯವರು. ಗ್ಲಾಸ್ಗೋದ ಥಾಮಸ್ ಮನ್ರೋ. ಲೂಯಿಸ್ ದ್ವೀಪದ ಕಾಲಿನ್ ಮೆಕೆಂಜಿ. ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಯಿದ್ದು, 1799ರ ಮೇ 4ರಂದು ಅದೇ ಕೋಟೆಗೆ ನುಗ್ಗಿದ ಡೇವಿಡ್ ಬೇರ್ಡ್. ಬೇರ್ಡ್ ಟಿಪ್ಪುವಿನ ದೇಹವನ್ನು ಪತ್ತೆ ಮಾಡುವ ದೃಶ್ಯವನ್ನು ಸ್ಕಾಟಿಷ್ ಕಲಾವಿದ ಡೇವಿಡ್ ವಿಲ್ಕಿ ದೊಡ್ಡ ಚಿತ್ರವಾಗಿ ಬರೆದರು. ಅದು ಸ್ಕಾಟ್ಲೆಂಡಿನ ರಾಷ್ಟ್ರೀಯ ಕಲಾಸಂಗ್ರಹದಲ್ಲಿದೆ. ಇವರನ್ನೆಲ್ಲ ನಾವು ಇವತ್ತಿಗೂ ‘ಇಂಗ್ಲಿಷರು’ ಎನ್ನುತ್ತೇವೆ.

2014ರ ಜುಲೈ 23ರ ಸಂಜೆ ಗ್ಲಾಸ್ಗೋದ ಕ್ರೀಡಾಂಗಣದಲ್ಲಿ, ಗೋಪುರಗಳು ಬೀಳದ ಆ ಉದ್ಘಾಟನೆಯಲ್ಲಿ, ದಕ್ಷಿಣ ಆಫ್ರಿಕಾದ ಗಾಯಕಿ ಪುಮೇಝಾ ಮಾತ್‌ಶಿಕಿಝಾ ಹ್ಯಾಮಿಶ್ ಹೆಂಡರ್ಸನ್‌ರ ಸ್ಕಾಟ್ಸ್ ಹಾಡೊಂದನ್ನು ಹಾಡಿದರು. ಸಾಮ್ರಾಜ್ಯಕ್ಕಾಗಿ ದೇಶದೇಶಗಳಿಗೆ ಹೋಗಿ ಕೇಡು ಮಾಡಿದ ಸ್ಕಾಟಿಷ್ ಸೈನಿಕರು ಇನ್ನು ಹಾಗೆ ಹೋಗುವುದಿಲ್ಲ ಎನ್ನುವ ಹಾಡು ಅದು. ಒಂದು ಕಾಲಕ್ಕೆ ಬ್ರಿಟಿಷ್ ಎಂಪೈರ್ ಗೇಮ್ಸ್ ಎಂದೇ ಹೆಸರಿದ್ದ ಕೂಟದಲ್ಲಿ, ರಾಣಿ ಕೂತಿದ್ದ ಸಭೆಯಲ್ಲಿ ಆ ಹಾಡು! ಅದರ ಸ್ಕಾಟ್ಸ್ ಎಷ್ಟು ಜನರಿಗೆ ಅರ್ಥವಾಯಿತೋ. ಅದೇ ಕೂಟದಲ್ಲಿ ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ 63.64 ಮೀಟರ್ ದೂರಕ್ಕೆ ಡಿಸ್ಕಸ್ ಎಸೆದು ಚಿನ್ನ ಗೆದ್ದರು. 1958ರ ಮಿಲ್ಖಾ ಸಿಂಗ್ ನಂತರ ಅಥ್ಲೆಟಿಕ್ಸ್‌ನಲ್ಲಿ ಕಾಮನ್‌ವೆಲ್ತ್ ಚಿನ್ನ ಗೆದ್ದ ಮೊದಲ ಭಾರತೀಯ ಪುರುಷ. ನಮ್ಮ ಪತ್ರಿಕೆಗಳಿಗೆ ಆ ವರ್ಷದ ಸ್ಕಾಟ್ಲೆಂಡ್ ಎಂದರೆ ಅಷ್ಟೇ ಆಗಿತ್ತು, ಅದೂ ಸರಿಯೇ.

ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ರಾಬರ್ಟ್ ಬರ್ನ್ಸ್ ಇದ್ದಾನೆ. ಸ್ಕಾಟ್ಸ್ ನುಡಿಯಲ್ಲಿ ಬರೆದ, ಸ್ಕಾಟ್ಲೆಂಡಿನ ರಾಷ್ಟ್ರಕವಿ ಎನಿಸಿದ ಬರ್ನ್ಸ್ ಮೈಸೂರಿಗೆ ಬಂದು ಸೇರುವಾಗ ಇಂಗ್ಲಿಷ್ ಆಗಿಬಿಟ್ಟಿದ್ದ. ಅದಕ್ಕೆ ಶ್ರೀಯವರನ್ನು ದೂರುವುದರಲ್ಲಿ ಅರ್ಥವಿಲ್ಲ. ಒಕ್ಕೂಟ ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು. ಇಪ್ಪತ್ತು ವರ್ಷ ಅದೇ ಪುಸ್ತಕ ಹಿಡಿದು ಪಾಠ ಮಾಡಿದ ನನಗೂ ಶೀರ್ಷಿಕೆಯಲ್ಲಿ ಏನೂ ತಪ್ಪು ಕಂಡಿರಲಿಲ್ಲ.

ಆ ಹುಡುಗಿ ಈಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಹೋದ ತಿಂಗಳು ಫೋನು ಮಾಡಿ ನನ್ನ ತಡವಾದ ಉತ್ತರ ಹೇಳಿದೆ, ‘ವೇವರ್ಲಿ’ಯ ಒಂದು ಹಳೆಯ ಪ್ರತಿಯನ್ನೂ ಪೋಸ್ಟ್ ಮಾಡಿದೆ. ಹದಿನೈದು ದಿನ ಕಳೆದು ಅವಳ ಸಂದೇಶ ಬಂತು: “ಅರವತ್ತು ಪುಟ ಆಯ್ತು ಸರ್, ಕಥೆ ಇನ್ನೂ ಶುರುವಾಗಿಲ್ಲ.”